ಯಾರದ್ದೂ ಅಲ್ಲದ ಹೆಸರು

ಆ ದಡದ ದೋಣಿಗಳಿಗೆಲ್ಲ ಹೆಸರು ಬರೆದವನು ಪೇಂಟರಣ್ಣ. ಯಾರದೋ ಮಗಳ ಹೆಸರು, ಯಾರದೋ ಅಜ್ಜಿಯ ಹೆಸರು. ಹೇಳಿದ್ದನ್ನು ದುಂಡಗೆ ಬರೆದು ಕೈ ಒರೆಸಿಕೊಂಡರೆ ಅವನ ಕೆಲಸ ಮುಗಿಯಿತು. ಹೆಸರು ಹುಡುಕುವ ಕಷ್ಟ ಅವನದಾಗಿರಲಿಲ್ಲ.

ಕಡೆಗೂ ಒಂದು ದೋಣಿ ಅವನದ್ದೇ ಆಯಿತು. ಇವತ್ತು ಸಂಜೆ ನೀರು ಏರಿದಾಗ ಅದನ್ನು ಇಳಿಸಬೇಕು. ಹೊಸ ದೋಣಿಯ ಹಗ್ಗವನ್ನು ಯಜಮಾನನ ಹೆಂಡತಿಯೇ ಬಿಚ್ಚಬೇಕೆಂಬುದು ಅಲ್ಲಿಯ ಕಟ್ಟಳೆ. ಬೇರೆಯವರು ಬಿಚ್ಚಿದರೆ ತಳ್ಳುವುದಕ್ಕೆ ಒಬ್ಬನೂ ಬರುವುದಿಲ್ಲ.

ಬೆಳಿಗ್ಗೆ ಕುಂಚ ಹಿಡಿದು ಕೂತವನಿಗೆ ಒಂದು ಹೆಸರು ತಾನಾಗಿ ಹೊಳೆಯಿತು. ಎಲ್ಲಿಂದ ಬಂತೋ, ಚೆಂದ ಅನ್ನಿಸಿತು, ಬರೆದ. ಆ ಹೆಸರು ಇಲ್ಲಿ ಬೇಡ. ಓದುವವರ ಮನೆಯಲ್ಲೂ ಆ ಹೆಸರಿನವರು ಒಬ್ಬರು ಇದ್ದಾರು.

ಬಣ್ಣ ಆರುವ ಮೊದಲೇ, ಹಡಗುಗಳಲ್ಲಿ ಅಡುಗೆ ಮಾಡಿ ಮುದುಕನಾಗಿದ್ದ ಹಡಗಜ್ಜ ಬಂದು ನಿಂತ.

"ಇದೇ ಹೆಸರಿನ ಹಡಗಲ್ಲಿ ನಾನು ಅಡುಗೆಗಿದ್ದೆ ಕಣೋ. ಮುಳುಗ್ತು."

"ಹೆಸರಿಂದ ಮುಳುಗ್ತಾ ಅಜ್ಜ?"

"ತೂತಿಂದ. ಆಮೇಲೆ ಇನ್ನೊಂದಕ್ಕೆ ಅದೇ ಹೆಸರಿಟ್ರು. ಅದೂ ಹೋಯ್ತು. ನೀನು ಇಡು, ನಂಗೇನು."

ಅಷ್ಟರಲ್ಲಿ ಲೈಬ್ರರಿಯಲ್ಲಿ ಪುಸ್ತಕ ಕೊಡುವಾಕೆ ಆ ದಾರಿಯಾಗಿ ಬಂದಳು. "ಅಣ್ಣಾ, ಇದು ಕಾದಂಬರಿಯವಳ ಹೆಸರಲ್ವಾ? ಗಂಡನಿಗೆ ಹಾಲಲ್ಲಿ ವಿಷ ಹಾಕ್ತಾಳಲ್ಲ?"

"ನಾನು ಓದಿಲ್ಲ ತಾಯಿ."

"ನಾಟಕದಲ್ಲೂ ಒಬ್ಬಳಿದಾಳೆ. ಅವಳು ಪರವಾಗಿಲ್ಲ, ಬರೀ ಓಡಿಹೋಗ್ತಾಳೆ."

ಅವಳು ಅತ್ತ ಹೋದಳು, ಪಕ್ಕದ ಮನೆಯ ಬಡಗಿ ಇತ್ತ ಬಂದ. ಉಳಿ ಇನ್ನೂ ಕೈಯಲ್ಲೇ ಇತ್ತು.

"ನನ್ನ ಹೆಂಡ್ತಿ ಹೆಸರು ನಿನ್ನ ದೋಣಿ ಮೇಲೆ ಯಾಕೆ?"

ಪೇಂಟರಣ್ಣ ಕುಂಚವನ್ನು ಡಬ್ಬಿಯಲ್ಲಿಟ್ಟು ಎದ್ದ. ಬಡಗಿಯ ಹೆಂಡತಿಯನ್ನು ಊರೆಲ್ಲ ಹೊಲಿಗೆಯಮ್ಮ ಎನ್ನುತ್ತಿತ್ತು. "ಅವರ ಹೆಸರು ಇದು ಅಂತ ನಂಗೆ ಈಗಲೇ ಗೊತ್ತಾಗಿದ್ದು."

"ಪಕ್ಕದ ಮನೇಲಿದ್ದು ಹೆಸರೂ ಗೊತ್ತಿಲ್ವಾ? ಅಷ್ಟು ಸದರವಾದ್ಲಾ ಅವಳು?"

ಗೊತ್ತಿದ್ದರೂ ತಪ್ಪು, ಗೊತ್ತಿಲ್ಲದಿದ್ದರೂ ತಪ್ಪು. ಬಡಗಿ ಉಳಿ ಆಡಿಸುತ್ತ ಹೊರಟದ್ದೇ ಪುಣ್ಯ.

ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಮೊದಲಿನಿಂದಲೂ ಅವಳು ಎಲ್ಲರ ಬಾಯಲ್ಲೂ ಮಿಣ್ಣಿ, ಮದುವೆಯಾದಂದಿನಿಂದ ಗಂಡನ ಬಾಯಲ್ಲಿ 'ಏ ಇವಳೇ'. ದೋಣಿಯ ಮೇಲಿನ ಅಕ್ಷರ ಕಂಡು ಅವಳ ಮುಖ ಅರಳಿತು. ಬುತ್ತಿಯ ಹಿಡಿಕೆ ತಿರುವುತ್ತ ಮೆಲ್ಲಗೆ ಕೇಳಿದಳು.

"ರೀ, ಇದು ಯಾರ ಹೆಸರು?"

ಆ ನಗು ಪೇಂಟರಣ್ಣನಿಗೆ, ಪೊಲೀಸಿನವನು "ಬನ್ನಿ, ಕೂತ್ಕೊಳ್ಳಿ" ಅಂದಂತೆ ಕಂಡಿತು.

"ಯಾರದ್ದೂ ಅಲ್ಲ, ನಿನ್ನಾಣೆ. ಈ ಹೆಸರಿನವಳು ನನ್ನ ಜನ್ಮದಲ್ಲಿ ಯಾರೂ ಇಲ್ಲ."

"ಯಾರೂ ಇಲ್ವಾ?"

"ಇದ್ರೆ ನನ್ನ ಕೈ ಬಿದ್ದುಹೋಗ್ಲಿ."

"ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ."

"ಅದ್ರಲ್ಲಿ ಯೋಚನೆ ಮಾಡೋದೇನಿದೆ?"

ಅವಳು ಬುತ್ತಿಯನ್ನು ಮರಳ ಮೇಲೆ ಕುಕ್ಕಿ, ತಿರುಗಿ ನೋಡದೆ ಹೋದಳು. ಮನೆಯ ಬಾಗಿಲು ಹಾಕಿಕೊಂಡ ಸದ್ದು ದಡದವರೆಗೂ ಬಂತು.

"ಹೊಲಿಗೆಯಮ್ಮನ ಸುದ್ದಿ ಅವಳ ಕಿವಿಗೆ ಬಿದ್ದಿದೆ," ಎಂದ ಹಡಗಜ್ಜ, ಬುತ್ತಿಯ ಮುಚ್ಚಳ ತೆಗೆಯುತ್ತ. "ಸಂಜೆ ಹಗ್ಗ ಬಿಚ್ಚೋರು ಬೇಕಲ್ಲಪ್ಪ. ಅದನ್ನ ಅಳಿಸು, ಹೆಂಡ್ತಿ ಹೆಸರು ಬರಿ."

ಪೇಂಟರಣ್ಣ ಉಜ್ಜಿ ಉಜ್ಜಿ ಅಳಿಸಿದ. ಅದರ ಮೇಲೆ ಆಚೆ ದಡಕ್ಕೂ ಕಾಣುವಂತೆ ಹಳದಿ ಬಣ್ಣದಲ್ಲಿ 'ಮಿಣ್ಣಿ' ಎಂದು ಬರೆದ. ಅಷ್ಟು ಹೊತ್ತಿಗೆ ನೀರು ದೋಣಿಯ ಮೂತಿಗೆ ತಾಗುತ್ತಿತ್ತು. ಕೈಯ ಬಣ್ಣದಲ್ಲೇ ಮನೆಗೆ ಓಡಿದ.

ದೋಣಿ ಇಳಿಸುವುದನ್ನು ನೋಡಲೆಂದು ಆಗಷ್ಟೇ ಬಸ್ಸಿಳಿದು ಬಂದಿದ್ದ ಅತ್ತೆ ಬಾಗಿಲನ್ನು ಅರ್ಧ ತೆರೆದರು.

"ಅವಳನ್ನ ಕಳಿಸಿ ಅತ್ತೆ. ಆ ಹಾಳು ಹೆಸರನ್ನ ಅಳಿಸಿಬಿಟ್ಟಿದೀನಿ."

"ಯಾವ ಹೆಸರು?"

ಹೇಳಿದ. ಅತ್ತೆ ಬಾಗಿಲನ್ನು ಪೂರ್ತಿ ತೆರೆದರು.

"ಅದು ಅವಳದ್ದೇ ಅಲ್ವಾ ಅಳಿಯಂದ್ರೇ. ಹುಟ್ಟಿದಾಗ ನಾನಿಟ್ಟಿದ್ದು. ಹೆಣ್ಣು ನೋಡೋಕೆ ಬಂದಾಗ ಹೇಳಿದ್ನಲ್ಲ, ಎಷ್ಟು ಚೆಂದದ ಹೆಸರು ಅಂದಿದ್ರಿ."

ಪೇಂಟರಣ್ಣ ಬಣ್ಣದ ಕೈಯನ್ನು ದಡದ ಕಡೆ ಚಾಚಿದ. "ಆದ್ರೆ ಈಗ ಮಿಣ್ಣಿ ಅಂತ ಬರ್ದಿದೀನಿ ಅತ್ತೆ. ಅದೂ ಅವಳದ್ದೇ ತಾನೆ?"

"ಮಿಣ್ಣಿ ಅನ್ನೋದು ನಮ್ಮನೆ ಬೆಕ್ಕಿನ ಹೆಸರು. ಇವಳು ಮೂರು ಹೊತ್ತೂ ಅದನ್ನ ಎತ್ಕೊಂಡೇ ಇರ್ತಿದ್ಲು ಅಂತ ಜನ ಇವಳನ್ನೂ ಹಾಗೇ ಕರೆದ್ರು."

ಒಳಗಿನಿಂದ ಹೆಂಡತಿಯ ದನಿ ಬಂತು.

"ಅಮ್ಮಾ, ಹಗ್ಗ ಬಿಚ್ಚೋಕೆ ಆ ಬೆಕ್ಕನ್ನೇ ಕರ್ಕೊಂಡು ಹೋಗೋಕೆ ಹೇಳು."