ಸದ್ದಿಲ್ಲದಿದ್ದರೆ ಮಲಗುವ ಗಡಿಯಾರ

"ಇವತ್ತಿಂದ ಈ ಮನೇಲಿ ಎಲ್ಲಾರ್ನೂ ಎಬ್ಬಿಸೋದು ಇದರ ಕೆಲಸ! ನೀನು ನೆಮ್ಮದಿಯಾಗಿ ನಿದ್ದೆ ಮಾಡವ್ವಾ!"

ನಮ್ಮ ಮಾವ ಬೋರಲಿಂಗಯ್ಯನವರು ಅಡುಗೆಮನೆಯ ಗೂಡಿನಲ್ಲಿ ಕೂರಿಸಿದ್ದ ಹಳೆಯ ಕಂಪ್ಯೂಟರನ್ನು ಹೆಮ್ಮೆಯಿಂದ ತಟ್ಟಿದರು. ಗೋಡೆ ಗಡಿಯಾರ, ಮನೆಯ ಫೋನುಗಳು, ಮಿಕ್ಸಿ, ನೀರಿನ ಮೋಟಾರು, ಎಲ್ಲವೂ ಇನ್ನು ಅದು ಹೇಳಿದ ಹೊತ್ತಿಗೇ ನಡೆಯಬೇಕಂತೆ! ದಿನವಿಡೀ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಬಂದ ನನಗೆ ಬೇಡ ಅನ್ನಲೂ ಶಕ್ತಿ ಇರಲಿಲ್ಲ.

"ಕರೆಂಟ್ ತಿನ್ನಲ್ವಾ ತಾತಾ?" ಎಂದಳು ಮಗಳು ಸಿಂಚನಾ.

ಮಾವ ಮೀಟರ್ ಓದುವ ಕೆಲಸದಿಂದ ನಿವೃತ್ತರಾದವರು. ಕಣ್ಣು ಮಿಟುಕಿಸುವಷ್ಟು ಹೊತ್ತಿಗೂ ಲೈಟ್ ಆರಿಸುವಂಥವರು!

"ಅಲ್ಲೇ ಇರೋದು ಕಣ್ ಮಗಾ ನನ್ನ ತಲೆ! ಸದ್ದಾದ್ರೆ ಮದರ್‌ಬೋರ್ಡು ಎಚ್ಚರಾಗಿರ್ತದೆ. ಸದ್ದಿಲ್ವಾ, ಅದೂ ಮಲಗ್ತದೆ!"

"ಅದು ಮಲಗಿದ್ರೆ ಟೈಮ್ ಎಣಿಸೋರ್ಯಾರು?"

"ಸುಮ್ನಿರೇ, ಅದು ಕೋಳಿನಿದ್ದೆ!"

ಮರುದಿನ ಬೆಳಿಗ್ಗೆ ಏಳಕ್ಕೆ ಶಾಲೆಯ ಖೋಖೋ ತಂಡದ ವ್ಯಾನು ಮಂಡ್ಯದಿಂದ ಮೈಸೂರಿಗೆ ಹೊರಡುವುದಿತ್ತು. ಅಲ್ಲಿ ವಿಭಾಗ ಮಟ್ಟದ ಆಯ್ಕೆ. ಈ ಸಲ ತಪ್ಪಿದರೆ ಸಿಂಚನಾಗೆ ವಯಸ್ಸು ಮೀರುತ್ತಿತ್ತು.

ಪಾಪ, ಅವಳು ಕತ್ತಲಲ್ಲೇ ಎದ್ದಿದ್ದಳು. ರಾತ್ರಿಯಿಡೀ ಮಾವನ ಗೊರಕೆಗೆ ಎಚ್ಚರವಾಗೇ ಇದ್ದ ಗಡಿಯಾರದಲ್ಲಿ ಸರಿಯಾಗಿ ಐದು ಗಂಟೆ. ಮಾವ ತುಟಿಯ ಮೇಲೆ ಬೆರಳಿಟ್ಟು, "ನಿಮ್ಮವ್ವ ಮಲಗವ್ಳೆ, ಸದ್ದು ಮಾಡಬ್ಯಾಡ" ಅಂದರಂತೆ. ಇಬ್ಬರೂ ತುದಿಗಾಲಲ್ಲಿ ಓಡಾಡಿದರು. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಸ್ನಾನ, ಕುಕ್ಕರಿಗೆ ಸೀಟಿಯೇ ಇಲ್ಲ! ಮಗಳು ಶೂ ಕಟ್ಟಿಕೊಂಡು ಕೂತಳು. ಇನ್ನೂ ಬೇಕಾದಷ್ಟು ಹೊತ್ತಿದೆಯಲ್ಲ!

ಮುಖಕ್ಕೆ ಬಿಸಿಲು ಹೊಡೆದು ನನಗೆ ಎಚ್ಚರವಾಯಿತು.

"ಮಾವಾ, ಗಂಟೆ ಎಷ್ಟು?"

"ಐದೂ ಕಾಲು," ಮಾವ ಪಿಸುಗುಟ್ಟಿದರು.

"ಬಿಸಿಲು ಬಂದದಲ್ಲಾ!"

ಮಾವ ಕಿಟಕಿ ನೋಡಿದರು, ಗಡಿಯಾರ ನೋಡಿದರು. "ಸೂರ್ಯ ಇವತ್ತು ಸ್ವಲ್ಪ ಮುಂದವ್ನೆ ಕಣವ್ವಾ."

ನಾನು ಓಡಿ ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದೆ. ಅಲ್ಲಿ ಏಳೂ ಹತ್ತು!

"ಅಯ್ಯೋ, ವ್ಯಾನು ಹೋಯ್ತು!"

ನನ್ನ ಕಿರುಚಾಟಕ್ಕೆ ಯಂತ್ರ ಬೆಚ್ಚಿಬಿದ್ದು ಎದ್ದಿತು. ಬಾಕಿ ಉಳಿದಿದ್ದ ಕೆಲಸಗಳನ್ನೆಲ್ಲ ಒಟ್ಟಿಗೇ ಶುರುಮಾಡಿತು! ಅಲಾರಾಂಗಳು ಅರಚಿದವು, ಮಿಕ್ಸಿ ಖಾಲಿ ಜಾರಿನಲ್ಲೇ ಚಟ್ನಿ ರುಬ್ಬಿತು, ಟ್ಯಾಂಕು ತುಂಬಿ ಮಾವನ ತಲೆಯ ಮೇಲೆ ಸುರಿಯಿತು. ನಾನು ಮಗಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹಾರಿದೆ.

ರೈಲ್ವೆ ಗೇಟು ಮುಚ್ಚಿತ್ತು. ವ್ಯಾನು ಎಲ್ಲಕ್ಕಿಂತ ಮುಂದೆ, ನಾವು ಎಲ್ಲಕ್ಕಿಂತ ಹಿಂದೆ, ನಡುವೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಸ್ಕೂಟರ್ ನುಗ್ಗಲು ಜಾಗವಿಲ್ಲ. ಸಿಂಚನಾ ಜಿಗಿದಳು. ಒಂದು ಟ್ರ್ಯಾಕ್ಟರಿನ ಎಡಕ್ಕೆ, ಮುಂದಿನದರ ಬಲಕ್ಕೆ, ಹಾವಿನ ಹಾಗೆ ನುಸುಳಿ ಓಡಿದಳು! ರೈಲು ಹೋಗಿ ಗೇಟು ಏಳುತ್ತಿದ್ದಂತೆ ವ್ಯಾನಿನ ಬೆನ್ನಿಗೆ ಫಟ್ಟೆಂದು ಹೊಡೆದಳು.

ಜವರಪ್ಪ ಮೇಷ್ಟ್ರು ತಲೆ ಹೊರಹಾಕಿದರು. "ಯಾಕಮ್ಮೀ ಲೇಟು?"

"ಅವ್ವ ಮಲಗಿದ್ಲು ಸಾರ್! ಸದ್ದು ಮಾಡ್ಲಿಲ್ಲ!" ಅವಳು ಕೂಗಿದ್ದು ಅಷ್ಟು ದೂರದ ನನಗೂ ಕೇಳಿಸಿತು. ಕಣ್ಣೊರೆಸಿಕೊಂಡು ಹಾಗೇ ಕೆಲಸಕ್ಕೆ ಹೋದೆ.

ಸಂಜೆ ಅವಳು ಆಯ್ಕೆಯಾದ ಸುದ್ದಿ ಬಂತು. ಮನೆಗೆ ಬಂದರೆ ಮಾವ ಒದ್ದೆ ಟವೆಲು ಸುತ್ತಿಕೊಂಡು ಯಂತ್ರದ ಮುಂದೆ ನಿಂತಿದ್ದರು, ಗಂಟಲು ಕಟ್ಟಿತ್ತು.

"ಬೆಳಿಗ್ಗೆಯಿಂದ ಉಗೀತಾ ಇವ್ನಿ ಕಣವ್ವಾ! ಬೈದಷ್ಟೂ ಜೋರಾಗಿ ಓಡ್ತದೆ!"

ಗೋಡೆಯ ಮೇಲೆ ಮುಳ್ಳುಗಳು ಫ್ಯಾನಿನ ಹಾಗೆ ತಿರುಗುತ್ತಿದ್ದವು. ಊರಿಗೆಲ್ಲ ಇನ್ನೂ ಶನಿವಾರ ಸಂಜೆ. ನಮ್ಮ ಮನೆಯಲ್ಲಿ ಆಗಲೇ ಸೋಮವಾರ ಬೆಳಗಾಗಿ, ಕೆಲಸಕ್ಕೆ ಹೊರಡು ಎಂದು ನನ್ನ ಫೋನು ಬಡಿದುಕೊಳ್ಳುತ್ತಿತ್ತು.

ವಾರಕ್ಕೊಮ್ಮೆ ಬರುವ ನನ್ನ ಭಾನುವಾರವನ್ನು ಅದು ಒಂದು ಮಾತೂ ಕೇಳದೆ ಮುಗಿಸಿಬಿಟ್ಟಿತ್ತು.