ಬೆಳ್ಳಿ ಕಾಗದದ ನಿಂಬೆ ಮಿಠಾಯಿಯ ಮೇಲೆ ಒಂದು ದೂರು

ಪರಮಪೂಜ್ಯ ನಿಂಬೆಹುಳಿ ಮಿಠಾಯಿಯವರೇ, ಮಾನ್ಯರೇ,

ನಾರೋವ್ಲ್ಯಾ ಪಟ್ಟಣದ ನಮ್ಮ ಎರಡು ಕೋಣೆಯ ಮನೆಯಿಂದ ತಮಗೆ ಸಾಷ್ಟಾಂಗ ವಂದನೆಗಳು. ಜರ್ಮನಿಯಲ್ಲಿ ಹುಟ್ಟಿ, ಬೆಳ್ಳಿ ಕಾಗದ ತೊಟ್ಟು, ನಮ್ಮಂಥವರ ಮನೆಗೆ ದಯಮಾಡಿಸಿದ ತಮ್ಮ ದೊಡ್ಡತನವನ್ನು ಒಪ್ಪಿಕೊಂಡೇ ಈ ದೂರು ಸಲ್ಲಿಸುತ್ತಿದ್ದೇನೆ.

ನಮ್ಮ ಪಕ್ಕದ ಅಣುಸ್ಥಾವರದ ರಿಯಾಕ್ಟರ್ ಸಿಡಿದ ಎಂಟು ವರ್ಷಕ್ಕೆ ನನ್ನ ಮಗಳು ಯಾನಿನಾಳ ಥೈರಾಯ್ಡ್ ಗ್ರಂಥಿಯನ್ನು ಕೊಯ್ದು ತೆಗೆದರು. ಅಳಿದುಳಿದ ರೋಗವನ್ನು ಸುಡಲು ವಿಕಿರಣದ ಅಯೋಡಿನ್ ಕುಡಿಸಬೇಕೆಂದು ತಮ್ಮ ದೇಶಕ್ಕೆ ಕರೆದೊಯ್ದರು. ಅದು ಜೊಲ್ಲಿನ ಗ್ರಂಥಿಗಳನ್ನೂ ಸುಡುತ್ತದೆ, ಬಾಯಲ್ಲಿ ನೀರೂರುತ್ತಿದ್ದರೆ ಅವು ಉಳಿದಾವು ಎಂದು ಅಲ್ಲಿನ ವೈದ್ಯರು ಹತ್ತು ವರ್ಷದ ಹುಡುಗಿಯ ಕೈಗೆ ತಮ್ಮ ಇಡೀ ಡಬ್ಬಿಯನ್ನು ಕೊಟ್ಟು, ಗಂಟೆಗೊಂದು ಚೀಪಲು ಹೇಳಿದರು.

ಅವಳು ಒಂದನ್ನೂ ಚೀಪಲಿಲ್ಲ. ಅಷ್ಟು ಚೆಂದದ ಪರದೇಶದ ಮಿಠಾಯಿಯನ್ನು ಒಬ್ಬಳೇ ತಿಂದು ಬರುವ ಮಗು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಅವಳು ಹೊರಡುವಾಗ ಆಸ್ಪತ್ರೆಯ ಬಾಗಿಲಲ್ಲಿ ವಿಕಿರಣ ಅಳೆಯುವ ಯಂತ್ರ ಕೂಡ ತಮ್ಮನ್ನು ತಡೆಯಲಿಲ್ಲ. "ಅಮ್ಮಾ, ಎಲ್ಲಾರ್ಗೂ ಆಗೋಷ್ಟು ತಂದಿದೀನಿ" ಎಂದು ಅವಳು ಹೊಸ ವರ್ಷದ ಮೇಜಿನ ಮೇಲೆ ಡಬ್ಬಿ ತೆರೆದಳು. "ಕಾಗ್ದ ಹರೀಬೇಡ್ರೇ, ಪುಸ್ತಕದೊಳ್ಗೆ ಇಡೋಣ" ಎಂದರು ನಮ್ಮತ್ತೆ. ನಮ್ಮೆಲ್ಲರ ಬಾಯಲ್ಲೂ ನೀರೂರಿತು. ತಮ್ಮ ಕರ್ತವ್ಯನಿಷ್ಠೆಗೆ ಕುಂದಿಲ್ಲ.

ಈಗ ಅವಳ ಬಾಯಲ್ಲಿ ರೈ ಬ್ರೆಡ್ಡು ಮರಳಾಗುತ್ತದೆ, ತುತ್ತಿಗೊಂದು ಗುಟುಕು ನೀರು ಬೇಕು, ಹಲ್ಲುಗಳು ಒಂದೊಂದಾಗಿ ಹುಳುಕಾಗುತ್ತಿವೆ. ತರಗತಿಯಲ್ಲಿ ಗಟ್ಟಿಯಾಗಿ ಓದಲು ನಿಲ್ಲಿಸಿದರೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ, "ಎರಡು ಸಾಲಿಗೇ ಸುಸ್ತಾದ್ಯೇನೇ?" ಎಂದು ಟೀಚರ್ ಕೂರಿಸುತ್ತಾರೆ. ಪರಿಹಾರ ಕೇಳಿದರೆ ನಮ್ಮೂರ ವೈದ್ಯಕೀಯ ಸಮಿತಿಯವರು, ಮಿಠಾಯಿ ಚೀಪದೆ ಸೂಚನೆ ಮೀರಿದ್ದರಿಂದ ತಪ್ಪು ರೋಗಿಯದೇ ಎಂದು ಮೊಹರು ಒತ್ತಿ ಕಳಿಸಿದ್ದಾರೆ.

ಆದ್ದರಿಂದ ಮುಂದೆ ನಮ್ಮ ಮಕ್ಕಳ ಬಳಿ ಬರುವಾಗ ತಾವು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು, ಮೀನೆಣ್ಣೆಯ ವಾಸನೆ ಪೂಸಿಕೊಂಡು ಬರಬೇಕಾಗಿ ಕೋರಿಕೆ. ಯಾವುದಾದರೂ ಮಗು ತಮ್ಮನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟರೆ, ಗಂಟೆಗೊಮ್ಮೆ ತಾವೇ ಎದ್ದು ನಡೆದುಹೋಗಿ ಅದರ ಬಾಯೊಳಗೆ ಕೂರಬೇಕು. ಇದಕ್ಕಿಂತ ಹೆಚ್ಚು ಕೇಳಲು ಸಂಕೋಚವಾಗುತ್ತದೆ.

ಹುಳಿಯಲ್ಲೂ ಸಿಹಿ ಕಂಡಿದ್ದ,
ತಮ್ಮ ವಿಶ್ವಾಸಿ,
ರೆಗಿನಾ ಕರಾಚೂನ್

ತಾ.ಕ.: ತಪ್ಪು ರೋಗಿಯದೇ ಎಂದು ಸಹಿ ಹಾಕಿದ ಸಮಿತಿಯ ವೈದ್ಯರು ಆ ಹೊಸ ವರ್ಷ ನಮ್ಮಲ್ಲಿಗೆ ಚಹಾಕ್ಕೆ ಬಂದು, ತಮ್ಮವರಲ್ಲಿ ಮೂರು ಮಂದಿಯನ್ನು ಚಪ್ಪರಿಸಿದ್ದರು. ಏಳನ್ನು ನಾನೇ ತಿಂದೆ. ಡಬ್ಬಿ ಹಿಡಿದು ಎಲ್ಲರಿಗೂ ಹಂಚುತ್ತಿದ್ದವಳು ಯಾನಿನಾ.