ಚಾದರ ಹೊದ್ದ ಬಾಜಾ

ಧೈರ್ಯವಂತನೆಂದು ಹೆಸರು ಮಾಡಿದವನಿಗೆ ಇರುವಷ್ಟು ಹೆದರಿಕೆ ಬೇರೆ ಯಾರಿಗೂ ಇರಲಿಕ್ಕಿಲ್ಲ. ಅಂಜುಬುರುಕ ಎನಿಸಿಕೊಂಡವನು ಆರಾಮಾಗಿ ಅಂಜಬಹುದು, ಆಗುವುದಿಲ್ಲ ಎಂದು ಕೈ ಚೆಲ್ಲಬಹುದು. ನನಗೆ ಆ ಸುಖವಿಲ್ಲ. ನೌಬಾದದಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿಯ ಅಂಗಡಿ ಇಟ್ಟವನು ನಾನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಬೆರಳು ಸುಟ್ಟುಕೊಂಡು ಕಲಿತ ವಿದ್ಯೆ. ಶಿವರಾಜ ಬಿಚ್ಚಿದ ಮಷೀನು ಮತ್ತೆ ಮಾತಾಡದೆ ಇರುವುದಿಲ್ಲ ಎಂಬ ಮಾತು ಬೀದರದಲ್ಲೆಲ್ಲ ಇದೆ. ಆ ಮಾತನ್ನು ಮೊದಲು ಹೇಳಿದವನು ನಾನೇ ಎಂಬುದು ಬೇರೆ ವಿಷಯ.

ಹೀಗಿರಲು ಒಂದು ದಿನ ದಸ್ತಗೀರ್ ಚಾಚಾ ಆಟೋದಿಂದ ಇಳಿದರು. ಹಿಂದೆ ಮದುವೆಗಳಲ್ಲಿ ಹಾಡುತ್ತಿದ್ದ ಆರ್ಕೆಸ್ಟ್ರಾ ಪಾರ್ಟಿಯ ಯಜಮಾನರು. ಪಕ್ಕದಲ್ಲಿ ಹಸಿರು ಮಖಮಲ್ಲಿನ ಜರಿ ಚಾದರ ಹೊದ್ದು ಮದುಮಗಳ ಹಾಗೆ ಕುಳಿತದ್ದು ಅವರ ಹಳೆಯ ಸಿಂಥಸೈಜರ್, ಕರೆಂಟಿನ ಮೇಲೆ ನುಡಿಯುವ ಕೀಲಿಮಣೆ ವಾದ್ಯ. ಅವರು ಅದನ್ನು ಬಾಜಾ ಎನ್ನುತ್ತಾರೆ. ನಾಲ್ಕು ಜನರ ನಡುವೆ ವಾದ್ಯ ಬರಿಮೈಯಲ್ಲಿ ಇರಬಾರದೆಂದು ಅವರಿಗೆ ಕಲಿಸಿದ ಉಸ್ತಾದರ ಕಟ್ಟಪ್ಪಣೆಯಂತೆ. ಆದ್ದರಿಂದ ನುಡಿಸುವಾಗಲೂ ಕೀಲಿಮಣೆಯಷ್ಟೇ ಹೊರಗೆ, ಉಳಿದದ್ದೆಲ್ಲ ಚಾದರದೊಳಗೆ.

"ಶಿವರಾಜ, ಇದರ ಸ್ವರ ಜಾರ್ತದ ಬೇಟಾ. ಶುರುವಿಗಿ ಚೊಕ್ಕ ಇರ್ತದ, ಎರಡನೇ ಹಾಡಿಗಿ ಬರೋದ್ರಾಗ ಕೆಳಗ ಇಳದಿರ್ತದ."

"ಅದೇನ್ ಮಹಾ ಚಾಚಾ, ಇಟ್ಟು ಹೋಗ್ರಿ" ಎಂದಿತು ನನ್ನ ಬಾಯಿ. ನನ್ನನ್ನೊಂದು ಮಾತು ಕೇಳಲಿಲ್ಲ.

"ಭಾಲ್ಕಿಯಾಗ ಮೊಮ್ಮಗಳ ಶಾದಿ ಅದ. ಇದರ ಮ್ಯಾಲೇ ಹಾಡ್ತೇನಿ ಅಂತ ಆಕಿಗಿ ಮಾತು ಕೊಟ್ಟೇನಿ. ಇನ್ನ ಮುಂದ ಉಸಿರು ಸಾಲಲ್ಲ, ಇದೇ ಕಡೀ ಮೆಹಫಿಲ್." ಇಷ್ಟು ಹೇಳಿ ಬಾಜಾದ ತಲೆ ಸವರಿ ಹೋದರು.

ಮುಚ್ಚಳ ತೆಗೆದವನೇ ಎದೆ ಹಿಡಿದುಕೊಂಡೆ. ಒಳಗಿರುವ ಒಂದೊಂದು ಭಾಗವೂ ನನಗಿಂತ ಹಿರಿಯದು. ಒಂದು ಸುಟ್ಟರೆ ಬದಲಿಗೆ ಹಾಕಲು ಹೈದರಾಬಾದಿಗೆ ಹೋದರೂ ಇನ್ನೊಂದು ಸಿಗಲಿಕ್ಕಿಲ್ಲ. ಮುದುಕರ ಕೊನೆಯ ಹಾಡು ನನ್ನ ಸ್ಕ್ರೂಡ್ರೈವರಿನ ತುದಿಯಲ್ಲಿತ್ತು. ಭಜನಾ ಮಂಡಳಿಯಿಂದ ಹಾರ್ಮೋನಿಯಂ ಕೇಳಿ ತಂದೆ. ಅದರ ಸ್ವರಕ್ಕೆ ಬಾಜಾದ ಸ್ವರ ಕೂಡುವವರೆಗೆ ಒಳಗಿನ ಸಣ್ಣ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸಿದೆ. ಕೂಡಿತು! ಮುಚ್ಚಳ ಹಾಕಿ, ಉಸ್ತಾದರ ಮರ್ಯಾದೆಗೆಂದು ಚಾದರವನ್ನೂ ಹೊದಿಸಿ, ಚಹಾ ಕುಡಿದು ಬಂದು ನುಡಿಸಿದರೆ ಸ್ವರ ಕೆಳಗಿಳಿದು ಕುಳಿತಿತ್ತು. ಕರೆಂಟಿನ ದೋಷವೆಂದು ಪವರ್ ಸಪ್ಲೈಯಲ್ಲಿ ಬದಲಿಸಬಹುದಾದ ಕೆಪಾಸಿಟರ್ ಬದಲಿಸಿದೆ. ಕೀಲಿಗಳ ಕೆಳಗಿನ ಧೂಳು ಒರೆಸಿದೆ. ಬಿಚ್ಚಿದಾಗ ಸಾಧು, ಹೊದಿಸಿದಾಗ ಸೈತಾನ.

ಫೋನು ಗುಣುಗಿದರೆ ಮಗುಚಿ ಇಡುತ್ತಿದ್ದೆ. ಒಮ್ಮೆ ಚಾಚಾ ಫೋನು ಮಾಡಿದಾಗ, "ಔರಾದದಾಗ ಕೆಲಸಕ್ಕ ಬಂದೇನ್ರಿ ಚಾಚಾ" ಎಂದುಬಿಟ್ಟೆ.

"ಹೌದಾ? ಹಂಗಾರ ನನ್ನ ಕಣ್ಮುಂದ ನಿನ್ನ ಅಂಗಡ್ಯಾಗ ಕುಂತಾವ ಯಾರು?" ರಸ್ತೆಯ ಆಚೆ, ಚಹಾದಂಗಡಿಯ ಬೆಂಚಿನ ಮೇಲಿಂದ ಅವರು ಕೈ ಎತ್ತಿ ಸಲಾಂ ಮಾಡಿದರು.

ಬುತ್ತಿ ತಂದ ನನ್ನ ಹೆಂಡತಿ ಮಹಾದೇವಿ ಬಾಜಾದ ಮೈ ಮುಟ್ಟಿ ನೋಡಿದಳು. "ಏನ್ರಿ, ಇದಕ್ಕ ಜ್ವರ ಬಂದಂಗ ಸುಡ್ಲಿಕತ್ತದ. ಇಂಥಾ ಬ್ಯಾಸಗ್ಯಾಗ ನಿಮಗ ಮಖಮಲ್ ಹೊದಿಸಿ ಕೂಡಿಸ್ತೇನಿ, ನಿಮ್ಮ ಸ್ವರ ಎಲ್ಲಿಗಿ ಹೋಗ್ತದ ನೋಡಮು."

ಚಾದರ ಎತ್ತಿದೆ. ಹಿಂದುಗಡೆ ಬಿಸಿಗಾಳಿ ಹೊರಹೋಗುವ ಕಿಂಡಿಗಳೆಲ್ಲ ಜರಿಯ ಅಂಚಿನಡಿ ಮುಚ್ಚಿಹೋಗಿದ್ದವು. ಒಳಗೆ ಬಿಸಿ ಏರಿದಷ್ಟೂ ಸ್ವರ ಇಳಿಯುತ್ತಿತ್ತು. ಫ್ಯಾನಿನ ಕೆಳಗೆ, ಮುಚ್ಚಳ ತೆಗೆದು, ತಣ್ಣಗಿದ್ದಾಗ ಸ್ವರ ಕೂಡಿಸಿ, ಆಮೇಲೆ ಭಕ್ತಿಯಿಂದ ಬಾಯಿ ಮುಚ್ಚಿ ಬೇಯಿಸುತ್ತಿದ್ದವನು ನಾನೇ. ಮುಚ್ಚಳ ಹಾಕಿ, ಚಾದರವಿಲ್ಲದೆ ಅದರ ಪಾಡಿಗೆ ಬಿಸಿಯಾಗಲು ಬಿಟ್ಟು, ಆಮೇಲೆ ಸ್ವರ ಕೂಡಿಸಿದೆ. ಸಂಜೆಯವರೆಗೂ ಅಲುಗಲಿಲ್ಲ.

ಆದರೆ ಚಾದರ ತೆಗೆಯಿರಿ ಎಂದು ಚಾಚಾರಿಗೆ ಹೇಳುವುದು ಕರೆಂಟು ಹಿಡಿದಿಟ್ಟುಕೊಂಡ ಕೆಪಾಸಿಟರಿಗೆ ಕೈ ಹಾಕುವುದಕ್ಕಿಂತ ಭಯದ ಕೆಲಸವಾಗಿತ್ತು. ಹೇಳಿದೆ. ಅವರು ಜರಿಯ ಅಂಚನ್ನು ಬೆರಳಿನಿಂದ ಸವರಿ, "ಮೊಮ್ಮಗಳ ಸಲುವಾಗಿ ಉಸ್ತಾದ್ ಮಾಫ್ ಮಾಡ್ತಾರ" ಎಂದು ಮಖಮಲ್ಲು ಮಡಿಚಿ ನನ್ನ ಕೈಗಿಟ್ಟರು.

ಭಾಲ್ಕಿಯ ಶಾದಿಖಾನೆಯಲ್ಲಿ ಮೊದಲ ಹಾಡು ಶುರುವಾಯಿತು. ಬಾಜಾ ಬಂಡೆಯಂತೆ ನಿಂತಿತ್ತು. ಎದೆಯುಬ್ಬಿಸಿ ಸುತ್ತ ನೋಡಿದೆ. ಹಾಡು ಅರ್ಧಕ್ಕೆ ಬಂದಾಗ ಏನೋ ಕರಕರೆ. ಇನ್ನು ಸ್ವಲ್ಪ ಹೊತ್ತಿಗೆ ಕಿವಿ ಇದ್ದವರೆಲ್ಲ ಮುಖ ಕಿವುಚಿದರು. ಬಾಜಾ ಜಾರಿರಲಿಲ್ಲ, ಚಾಚಾರ ದನಿ ಜಾರುತ್ತಿತ್ತು! ಅಷ್ಟು ವರ್ಷ ಬಾಜಾದ ಜೊತೆ ಇಳಿದು ಇಳಿದು ಅವರ ಗಂಟಲು ಆ ದಾರಿಯನ್ನು ಬಾಯಿಪಾಠ ಮಾಡಿತ್ತು.

"ಇದರ ರಿಪೇರಿ ಮಾಡಿದಾವ ಯಾರ್ರಿ?" ಎಂದರು ಮದುಮಗನ ಕಡೆಯ ಹಿರಿಯರೊಬ್ಬರು. ಸಾಲು ಸಾಲು ಕಣ್ಣು ನನ್ನ ಕಡೆ ತಿರುಗಿದವು. ವೇದಿಕೆಯ ಮೇಲೆ ಕುಳಿತ ಮದುಮಗಳು ಅಜ್ಜನನ್ನೇ ನೋಡುತ್ತಿದ್ದಳು. ಓಡಿಹೋಗಲು ಬಾಗಿಲು ದೂರ. ಬಗಲಲ್ಲಿ ಚಾದರವಿತ್ತು. ಹಾಡು ಮುಗಿದದ್ದೇ ಎದ್ದುಹೋಗಿ, ಸನ್ಮಾನದ ಶಾಲಿನಂತೆ ಅದನ್ನು ಬಾಜಾಕ್ಕೆ ಹೊದಿಸಿ, ಕಿಂಡಿಗಳ ಮೇಲೆ ಅಂಚು ಚೆನ್ನಾಗಿ ಒತ್ತಿ, ಕೈಮುಗಿದೆ. ಜನ ಚಪ್ಪಾಳೆ ತಟ್ಟಿದರು.

ಎರಡನೆಯ ಹಾಡಿನಲ್ಲಿ ಬಾಜಾ ಬೆವರಿತು, ಮೆಲ್ಲಗೆ ಇಳಿಯಿತು, ಚಾಚಾರ ದನಿ ಕಾಯುತ್ತಿದ್ದಲ್ಲಿಗೆ ಹೋಗಿ ಕೂಡಿಕೊಂಡಿತು. ಅಲ್ಲಿಂದ ಇಬ್ಬರೂ ಕೈ ಹಿಡಿದುಕೊಂಡೇ ಇಳಿದರು. ಮದುಮಗಳು ಮುಸುಕಿನ ಅಂಚಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಚಾಚಾ ನನ್ನನ್ನು ಅಪ್ಪಿಕೊಂಡು, "ಕಮಾಲ್ ಮಾಡಿದಿ ಬೇಟಾ, ಮೊದಲಿನಂಗೇ ಆತು ನೋಡು!" ಎಂದರು.

ಮೊದಲಿನಂತೆಯೇ ಆಗಿತ್ತು, ಅದರಲ್ಲಿ ಸುಳ್ಳಿಲ್ಲ. ಮೊನ್ನೆ ಠಾಣಾ ಕುಶನೂರದಿಂದ ಒಬ್ಬರು ಇಂಥದೇ ಇನ್ನೊಂದು ಹಳೆಯ ಬಾಜಾ ಹೊತ್ತು ತಂದು, "ಚಾಚಾರದು ಮಾಡಿದಂಗೇ ಇದನ್ನೂ ಮಾಡ್ರಿ" ಎಂದರು. ಆಗುವುದಿಲ್ಲ ಎನ್ನಬೇಕೆಂದು ಗಟ್ಟಿಯಾಗಿ ನಿಶ್ಚಯಿಸಿದೆ.

"ಅದೇನ್ ಮಹಾ, ಇಟ್ಟು ಹೋಗ್ರಿ" ಎಂದಿತು ಬಾಯಿ.